ಮನೋರೋಗದ ಮಾತ್ರೆ: ಹಿತವೂ ಉಂಟು, ಅಪಾಯವೂ ಉಂಟು

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ನಾನು ವೈದ್ಯನಲ್ಲ, ಉರ್ದು ಮತ್ತು ಕನ್ನಡ ಕಲಿಸುವ ಮೇಷ್ಟ್ರು. ಬಿ.ಎಡ್. ಓದುವಾಗ ಮನಶ್ಶಾಸ್ತ್ರದ ಒಂದು ಪತ್ರಿಕೆ ಇತ್ತು. ಅಷ್ಟೇ ನನ್ನ ಬಂಡವಾಳ. ಆದರೂ ಈ ವಿಷಯ ಆರಿಸಿಕೊಳ್ಳಲು ಕಾರಣ ನಮ್ಮ ಮಾಮೂ. ಅವರ ಒಪ್ಪಿಗೆ ಪಡೆದೇ ಮಾತನಾಡುತ್ತಿದ್ದೇನೆ.

ಮಾಮೂಗೆ ಇರುವುದು ಬೈಪೋಲಾರ್ ಕಾಯಿಲೆ. ಕೆಲವು ತಿಂಗಳು ಅತಿ ಉತ್ಸಾಹ, ನಿದ್ದೆಯಿಲ್ಲ, ಕೈಯಲ್ಲಿ ಹಣ ನಿಲ್ಲದು. ಮತ್ತೆ ಕೆಲವು ತಿಂಗಳು ಹಾಸಿಗೆ ಬಿಟ್ಟು ಏಳಲಾರರು. ಲಿಥಿಯಂ ಮಾತ್ರೆ ಶುರುವಾದ ಮೇಲೆ ಏಳು ವರ್ಷ ಅಂಗಡಿ ನಡೆಸಿದರು, ಮಗಳ ನಿಕಾಹ್ ಮಾಡಿದರು. ಮಾತ್ರೆಯಿಂದ ಏನು ಲಾಭ ಎಂದು ಯಾರಾದರೂ ಕೇಳಿದರೆ ನಾನು ಈ ಏಳು ವರ್ಷ ತೋರಿಸುತ್ತೇನೆ.

ಈ ಲಿಥಿಯಂ ಎಂಬುದು ಒಂದು ಲವಣ. ಉನ್ಮಾದಕ್ಕೆ ಇದು ಮದ್ದಾಗುತ್ತದೆಂದು ಆಸ್ಟ್ರೇಲಿಯಾದ ವೈದ್ಯ ಜಾನ್ ಕೇಡ್ 1949ರಲ್ಲಿ ಪ್ರಕಟಿಸಿದರು. ಅವರು ಇದನ್ನು ಕೊಟ್ಟ ಮೊದಲ ರೋಗಿ ಐದು ವರ್ಷದಿಂದ ಉನ್ಮಾದದಲ್ಲೇ ಇದ್ದ, ಐವತ್ತು ದಾಟಿದ ಮನುಷ್ಯ. 1948ರ ಮಾರ್ಚಿಯಲ್ಲಿ ಮದ್ದು ಆರಂಭ. ಕೆಲವೇ ತಿಂಗಳಲ್ಲಿ ಆತ ಮನೆಗೆ ಹೋಗಿ ಹಳೆಯ ಕೆಲಸಕ್ಕೂ ಸೇರಿದ. ಗುಣವಾಯಿತಲ್ಲ ಎಂದು ಮದ್ದು ಬಿಟ್ಟ. 1949ರ ಜನವರಿಯಲ್ಲಿ ಪುನಃ ಆಸ್ಪತ್ರೆ. ಮತ್ತೆ ಮದ್ದು ಕೊಟ್ಟರು, ಆದರೆ 1950ರ ಮೇ ತಿಂಗಳಲ್ಲಿ ಅದೇ ಲಿಥಿಯಂ ಮೈಯಲ್ಲಿ ಹೆಚ್ಚಾಗಿ ತೀರಿಕೊಂಡ. ಬಿಟ್ಟದ್ದರಿಂದ ಕಾಯಿಲೆ ಮರಳಿತು, ಮಿತಿ ಮೀರಿದ್ದರಿಂದ ಪ್ರಾಣ ಹೋಯಿತು. ಎರಡೂ ಒಬ್ಬನೇ ಮನುಷ್ಯನ ಮೇಲೆ!

ಅಂದು ರಕ್ತದಲ್ಲಿ ಲಿಥಿಯಂ ಅಳೆಯುವ ರೂಢಿ ಇರಲಿಲ್ಲ, ಇಂದು ಇದೆ. ಸಾಮಾನ್ಯವಾಗಿ ಲೀಟರಿಗೆ 0.6ರಿಂದ 1.0 ಮಿಲಿಮೋಲ್ ಇರಬೇಕು, 1.5 ದಾಟಿದರೆ ವಿಷದ ಲಕ್ಷಣಗಳು ಕಾಣಬಹುದು. ಹಿತಕ್ಕೂ ವಿಷಕ್ಕೂ ನಡುವೆ ಅಂತರ ಇಷ್ಟೇ. ಕೊನೆಯ ಮಾತ್ರೆ ನುಂಗಿ 12 ಗಂಟೆಯಾದ ಮೇಲೆ ರಕ್ತ ಕೊಡಬೇಕು. ಥೈರಾಯ್ಡ್ ಮತ್ತು ಮೂತ್ರಪಿಂಡವನ್ನೂ ಆಗಾಗ ಪರೀಕ್ಷಿಸಬೇಕು, ಏಕೆಂದರೆ ವರ್ಷಾನುಗಟ್ಟಲೆ ತೆಗೆದುಕೊಂಡವರಲ್ಲಿ ಇವೆರಡಕ್ಕೂ ತೊಂದರೆ ಬರುವುದುಂಟು.

ಈಗ ಮಾಮೂ ವಿಷಯಕ್ಕೆ ಬರುತ್ತೇನೆ. ಬೇಸಿಗೆಯ ರಂಜಾನ್. ಡಾಕ್ಟರನ್ನು ಕೇಳದೆ ರೋಜಾ ಹಿಡಿದರು. ಮಂಡಿನೋವಿಗೆ ಮೆಡಿಕಲ್ ಶಾಪಿನಿಂದ ಡೈಕ್ಲೋಫೆನಾಕ್ ತಂದು ನುಂಗುತ್ತಿದ್ದರು. ನಡುವೆ ಎರಡು ದಿನ ಭೇದಿ. ಮೈಯಲ್ಲಿ ನೀರು, ಉಪ್ಪು ಕಡಿಮೆಯಾದರೆ ಮೂತ್ರಪಿಂಡ ಲಿಥಿಯಂ ಅನ್ನು ಹೊರಹಾಕದೆ ಹಿಡಿದುಕೊಳ್ಳುತ್ತದೆ. ಆ ನೋವಿನ ಮಾತ್ರೆಯೂ ಅದನ್ನೇ ಮಾಡುತ್ತದೆ. ನಮಗೆ ಇದು ಯಾವುದೂ ತಿಳಿದಿರಲಿಲ್ಲ. ಕೈ ಜೋರಾಗಿ ನಡುಗತೊಡಗಿತು, ನಾಲಗೆ ತೊದಲಿತು, ಕಾಲು ತೂರಾಡಿತು. ತರಾವೀಹ್‌ಗೆ ಹೊರಟವರನ್ನು ನೋಡಿ ಬೀದಿಯಲ್ಲಿ ಒಬ್ಬರು, "ರಂಜಾನ್‌ನಲ್ಲೂ ಕುಡಿದಿದ್ದಾನೆ" ಎಂದರು. ಆ ಮಾತು ಮಾಮಿಯ ಕಿವಿಗೂ ಬಿತ್ತು. ಅದೇ ರಾತ್ರಿ ಆಸ್ಪತ್ರೆಗೆ ಸೇರಿಸಿದೆವು. ಅಲ್ಲಾಹನ ದಯೆ, ಉಳಿದುಕೊಂಡರು.

ನಿಜವಾದ ತಪ್ಪು ನಡೆದದ್ದು ಆಮೇಲೆ, ಅದರಲ್ಲಿ ನಾನೂ ಇದ್ದೆ. "ಆ ವಿಷ ಇನ್ನು ಬೇಡ" ಎಂದು ಮನೆಯವರೆಲ್ಲ ಸೇರಿ ಮಾತ್ರೆಯನ್ನೇ ನಿಲ್ಲಿಸಿಬಿಟ್ಟೆವು. ಮೂರು ತಿಂಗಳೊಳಗೆ ಅವರು ರಾತ್ರಿಯೆಲ್ಲ ಎದ್ದು ಕೂತು, ಅಂಗಡಿಗೆ ಬೇಡದ ಸರಕನ್ನು ಸಾಲದಲ್ಲಿ ತರಿಸತೊಡಗಿದರು. ಆ ಸಾಲ ಈಚೆಗಷ್ಟೇ ತೀರಿತು.

ಹಾಗಾದರೆ ಇಂಥವರು ರೋಜಾ ಇಡಲೇಬಾರದೇ? ಹಾಗೆ ಹೇಳಲಾಗದು. ಕಾಸಾಬ್ಲಾಂಕಾದ ವೈದ್ಯರು 20 ಬೈಪೋಲಾರ್ ರೋಗಿಗಳನ್ನು ರಂಜಾನ್‌ನಲ್ಲಿ ಗಮನಿಸಿ 2000ದಲ್ಲಿ ಬರೆದಂತೆ, ಅವರಲ್ಲಿ ಶೇ. 45 ಮಂದಿಗೆ ಕಾಯಿಲೆ ಮರುಕಳಿಸಿತು. ಪೇಶಾವರದ ವೈದ್ಯರು 62 ಮಂದಿಯನ್ನು ನೋಡಿ 2010ರಲ್ಲಿ ಬರೆದದ್ದು ಬೇರೆ: ಮೊದಲೇ ಸ್ಥಿರವಾಗಿದ್ದವರಲ್ಲಿ ಲಿಥಿಯಂ ಮಟ್ಟ ಹೆಚ್ಚೇನೂ ಬದಲಾಗಲಿಲ್ಲ. ಆದ್ದರಿಂದ ಒಬ್ಬರ ಉತ್ತರ ಇನ್ನೊಬ್ಬರಿಗೆ ಹೊಂದದು. ಸಹರಿಗಾಗಿ ನಿದ್ದೆ ಕೆಡುವುದೂ ಈ ಕಾಯಿಲೆಗೆ ಒಳ್ಳೆಯದಲ್ಲ. ರಂಜಾನ್‌ಗೆ ಒಂದೆರಡು ತಿಂಗಳು ಮೊದಲೇ ಡಾಕ್ಟರನ್ನು ಕಾಣಿರಿ. ಮಾತ್ರೆಯ ಹೊತ್ತನ್ನು ನೀವೇ ಬದಲಿಸಬೇಡಿರಿ. ರೋಗಿಗೆ ವಿನಾಯಿತಿ ಸೂರಾ ಅಲ್-ಬಕರಾದ 184ನೇ ವಚನದಲ್ಲೇ ಇದೆ. ಅದನ್ನು ಬಳಸಿಕೊಳ್ಳಲು ನಾಚಿಕೆ ಏಕೆ?

ದುವಾ ಬೇಡ ಎನ್ನುವವನು ನಾನಲ್ಲ. ಆದರೆ 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಸರಪಳಿಯಲ್ಲಿ ಕಟ್ಟಿಹಾಕಿದ್ದ 28 ಮನೋರೋಗಿಗಳು ಬೆಂಕಿಗೆ ಸಿಕ್ಕಿ ಸತ್ತರು. ದರ್ಗಾಕ್ಕೆ ಕರೆದೊಯ್ದವರೂ ತಮ್ಮವರ ಮೇಲಿನ ಪ್ರೀತಿಯಿಂದಲೇ ಒಯ್ದಿದ್ದರು. 2017ರ ಮಾನಸಿಕ ಆರೋಗ್ಯ ಕಾಯ್ದೆ ಸರಪಳಿಯನ್ನು ನಿಷೇಧಿಸಿದೆ. ಯಾರನ್ನು ಕೇಳಬೇಕೆಂದು ತೋಚದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ, ಸಂಖ್ಯೆ 14416. ವಿದ್ಯಾರ್ಥಿಗಳು ಬರೆದುಕೊಳ್ಳಿರಿ.

ಮಾಮೂ ಈಗ ರಜಬ್ ತಿಂಗಳಲ್ಲೇ ರಕ್ತ ಪರೀಕ್ಷೆ ಮಾಡಿಸುತ್ತಾರೆ. ಅವರ ಡಾಕ್ಟರು ರೋಜಾ ಬೇಡವೆಂದಿದ್ದಾರೆ, ಫಿದ್ಯಾ ಕೊಡುತ್ತಾರೆ. ಇಫ್ತಾರ್‌ಗೆ ಹಣ್ಣು ಹೆಚ್ಚುವ ಕೆಲಸ ಮಾತ್ರ ಯಾರಿಗೂ ಬಿಟ್ಟುಕೊಡುವುದಿಲ್ಲ. ಕೈ ಇನ್ನೂ ಸ್ವಲ್ಪ ನಡುಗುತ್ತದೆ, ಹೋಳುಗಳು ಒಂದೇ ಅಳತೆಗೆ ಬರುವುದಿಲ್ಲ.