ಹೊಸ ಬಂದೂಕಿನ ತೂಕ



ಬಂದೂಕಿನ ವಿಷಯ ಮಾತನಾಡಲು ನಾವು ಯಾರು ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ನಾವು ಸಿಪಾಯಿಗಳಲ್ಲ, ನಿಜ. ಆದರೆ ತೂಕ, ಅಳತೆ, ದಾಸ್ತಾನು ತಿಳಿಯದವರು ಈ ಸಭೆಯಲ್ಲಿ ಯಾರಿದ್ದಾರೆ? ಬಂದೂಕಿನ ವಿಚಾರವೂ ಕೊನೆಗೆ ಆ ಲೆಕ್ಕಕ್ಕೇ ಬಂದು ನಿಲ್ಲುತ್ತದೆ.

2022ರ ಏಪ್ರಿಲಿನಲ್ಲಿ ಅಮೆರಿಕದ ಭೂಸೇನೆ ಹೊಸ ರೈಫಲೊಂದನ್ನೂ ಅದಕ್ಕೆ ಹೊಸ ತೋಟಾವನ್ನೂ ಆರಿಸಿ, ಸಿಗ್ ಸಾವರ್ ಎಂಬ ಕಂಪನಿಗೆ ಹತ್ತು ವರ್ಷದ ಗುತ್ತಿಗೆ ಕೊಟ್ಟಿತು. ರೈಫಲಿನ ಹೆಸರು ಈಗ ಎಂ-7, ತೋಟಾ 6.8 ಮಿಲಿಮೀಟರಿನದು. ಹಿಂದಿನದು 5.56 ಮಿಲಿಮೀಟರಿನ ಎಂ-4.

ಒಳ್ಳೆಯದನ್ನು ಮೊದಲು ಹೇಳೋಣ. ಆಫ್ಘಾನಿಸ್ತಾನದ ಬೆಟ್ಟಗಳಲ್ಲಿ ತಾಲಿಬಾನಿಗಳು ದೂರದ ದಿಣ್ಣೆಯ ಮೇಲಿಂದ ಮೆಷಿನ್‌ಗನ್ ಹಾರಿಸುತ್ತಿದ್ದರು. ಅಷ್ಟು ದೂರಕ್ಕೆ ಅಮೆರಿಕದವರ ಹಗುರ ಗುಂಡು ಬಲ ಕಳೆದುಕೊಳ್ಳುತ್ತಿತ್ತು. ಎದುರಾಳಿ ಗಟ್ಟಿ ಎದೆಗವಚ ತೊಟ್ಟು ಬಂದರೆ ಗತಿಯೇನು ಎಂಬ ಚಿಂತೆಯೂ ಇತ್ತು. ಇವೆರಡಕ್ಕೂ ಹೊಸ ತೋಟಾ ಉತ್ತರ. ಅದು ಸಿಡಿದಾಗ ಒಳಗಿನ ಒತ್ತಡ ಚದರ ಅಂಗುಲಕ್ಕೆ 80,000 ಪೌಂಡು. ಹಳೆಯದರಲ್ಲಿ ಸುಮಾರು 62,000. ಗಿರಣಿಯ ಬಾಯ್ಲರಿನಲ್ಲಿ ನೂರು, ಇನ್ನೂರು ಪೌಂಡಿಗೇ ಎಚ್ಚರ ತಪ್ಪದೆ ನಿಲ್ಲುವವರಿಗೆ ಇದು ಎಂಥ ಒತ್ತಡವೆಂದು ಬಿಡಿಸಿ ಹೇಳಬೇಕಿಲ್ಲ. ಬರಿಯ ಹಿತ್ತಾಳೆ ಇದನ್ನು ತಡೆಯಲಾರದು. ಆದ್ದರಿಂದ ತೋಟಾದ ಬುಡವನ್ನು ಉಕ್ಕಿನಿಂದಲೂ ಮೈಯನ್ನು ಹಿತ್ತಾಳೆಯಿಂದಲೂ ಮಾಡಿ ಎರಡನ್ನೂ ಬೆಸೆದಿದ್ದಾರೆ. ಸದ್ದು, ಬೆಂಕಿ ಅಡಗಿಸುವ ಕೊಳವೆಯನ್ನು ಪ್ರತಿ ರೈಫಲಿಗೂ ಜೋಡಿಸಿ ಕೊಡುತ್ತಾರೆ. ದೂರವನ್ನು ತಾನೇ ಅಳೆದು ಗುರಿ ಲೆಕ್ಕ ಹಾಕುವ ದುರ್ಬೀನೂ ಉಂಟು. ಕುಶಲ ಕೆಲಸಗಾರರ ಕೈಯ ಕೆಲಸ ಇದು, ಸಂಶಯವಿಲ್ಲ.

ಇನ್ನು ತಕ್ಕಡಿಯ ಆಚೆಯ ತಟ್ಟೆ. ಎಂ-4ರ ಬರಿಮೈ ತೂಕ ಮೂರು ಕಿಲೋಕ್ಕೆ ತುಸು ಕಡಿಮೆ. ಎಂ-7 ಸುಮಾರು 3.8 ಕಿಲೋ; ಸದ್ದಡಗಿಸುವ ಕೊಳವೆ ಸೇರಿದರೆ ನಾಲ್ಕೂವರೆ. ಹಳೆಯದರ ಮ್ಯಾಗಜೀನಿನಲ್ಲಿ 30 ತೋಟಾ, ಹೊಸದರಲ್ಲಿ 20. ಏಳು ಮ್ಯಾಗಜೀನು ಹೊತ್ತ ಸಿಪಾಯಿಯ ಬಳಿ ಹಿಂದೆ 210 ತೋಟಾ ಇರುತ್ತಿದ್ದವು, ಈಗ 140. ಆ 210ರ ತೂಕ ಸುಮಾರು 3.4 ಕಿಲೋ, ಈ 140ರ ತೂಕ ಸುಮಾರು 4.4 ಕಿಲೋ. ಎಂದರೆ ಎಪ್ಪತ್ತು ತೋಟಾ ಕಡಿಮೆಯಾಯಿತು, ಹೊರೆ ಮಾತ್ರ ಒಂದು ಕಿಲೋ ಏರಿತು! ಇಂಥ ವ್ಯಾಪಾರಕ್ಕೆ ನಮ್ಮ ಪೇಟೆಯಲ್ಲಿ ಯಾರಾದರೂ ಒಪ್ಪುವರೆ? ಹಮಾಲಿ ಮಾಡಿದವರನ್ನು ಕೇಳಿ: ಮೊದಲ ಫರ್ಲಾಂಗಿನಲ್ಲಿ ಒಂದು ಕಿಲೋ ಏನೂ ಅಲ್ಲ, ಹತ್ತನೆಯ ಮೈಲಿಯಲ್ಲಿ ಅದೇ ಎಲ್ಲವೂ.

2025ರಲ್ಲಿ ಅದೇ ಸೇನೆಯ ಕ್ಯಾಪ್ಟನ್ ಒಬ್ಬರು ಈ ದೋಷಗಳನ್ನು ಬಹಿರಂಗವಾಗಿಯೇ ಎತ್ತಿ ಆಡಿದರು. ತೋಟಾ ಬೇಗ ಮುಗಿದುಹೋಗುತ್ತದೆ ಎಂಬುದು ಅವರ ಮುಖ್ಯ ದೂರು. ಕಂಪನಿ ಅದನ್ನು ಅಲ್ಲಗಳೆಯಿತು. ಸೇನೆ ಆ ವರ್ಷವೇ ರೈಫಲನ್ನು ಪಕ್ಕಾ ಮಾಡಿತು.

ಈ ಚರ್ಚೆ ಹೊಸದೇನಲ್ಲ. 1951ರಲ್ಲಿ ಬ್ರಿಟನ್ನಿನ ಲೇಬರ್ ಸರ್ಕಾರ ಇ.ಎಂ.-2 ಎಂಬ ಗಿಡ್ಡ ರೈಫಲನ್ನೂ ಏಳು ಮಿಲಿಮೀಟರಿನ ಮಧ್ಯಮ ತೋಟಾವನ್ನೂ ಸ್ವೀಕರಿಸುವುದಾಗಿ ಸಾರಿತು. ಅಮೆರಿಕ ಒಪ್ಪಲಿಲ್ಲ, ತನ್ನ 7.62ರ ದೊಡ್ಡ ತೋಟಾವೇ ಕೂಟಕ್ಕೆಲ್ಲ ಆಗಬೇಕೆಂದಿತು. ಅದೇ ವರ್ಷ ಅಧಿಕಾರಕ್ಕೆ ಬಂದ ಚರ್ಚಿಲ್ ಇ.ಎಂ.-2ನ್ನು ಕೈಬಿಟ್ಟರು. ತಮಾಷೆ ನೋಡಿ, 1952ರಲ್ಲಿ ಅಮೆರಿಕದ ಸೇನೆಗಾಗಿಯೇ ಹಿಚ್‌ಮನ್ ಎಂಬವರು ಬರೆದ ವರದಿಯು, ರೈಫಲಿನ ನಿಜವಾದ ಉಪಯೋಗ ಬಹುಮಟ್ಟಿಗೆ ಮುನ್ನೂರು ಗಜದೊಳಗೇ ಎಂದು ತೋರಿಸಿತ್ತು. ಅದನ್ನು ಬದಿಗಿಟ್ಟು 1957ರಲ್ಲಿ ದೊಡ್ಡ ತೋಟಾದ ಎಂ-14 ತಂದರು. ವಿಯೆಟ್ನಾಮಿನ ಕಾಡಿನಲ್ಲಿ ಅದು ಭಾರವೆನಿಸಿತು. ಹತ್ತು ವರ್ಷದೊಳಗೆ ತಾವೇ 5.56ಕ್ಕೆ ಇಳಿದರು. ಮಿಕ್ಕ ದೇಶಗಳು ಮಾತ್ರ 7.62ನ್ನು ಹೊತ್ತುಕೊಂಡೇ ಉಳಿದವು. ಕೂಟದ ಹೊರಗಿದ್ದ ನಮಗೂ ಅದೇ ಬಂತು: ಈಶಾಪುರದ ಕಾರ್ಖಾನೆಯಲ್ಲಿ ತಯಾರಾಗಿ ನಮ್ಮ ಜವಾನರು ದಶಕಗಳ ಕಾಲ ಹಿಡಿದ ಎಸ್.ಎಲ್.ಆರ್. ಆ ತೋಟಾದ್ದೇ.

ನಮ್ಮ ಅಭಿಪ್ರಾಯ ಕೇಳಿದರೆ, ಬೆಟ್ಟದ ಯುದ್ಧಕ್ಕೆ ತುಕಡಿಯಲ್ಲಿ ಇಬ್ಬರಿಗೋ ಮೂವರಿಗೋ ಎಂ-7 ಸರಿ. ಮುಂದಿನ ಸಾಲಿನ ಪ್ರತಿ ಸಿಪಾಯಿಗೂ ಅದನ್ನೇ ಹೊರಿಸುವುದು ಹಳೆಯ ತಪ್ಪನ್ನೇ ಮತ್ತೆ ಮಾಡಿದಂತೆ. ಕಡತಕ್ಕೆ ರುಜು ಹಾಕುವವರ ಹೆಗಲ ಮೇಲೆ ಆ ಒಂದು ಕಿಲೋ ಬೀಳುವುದಿಲ್ಲವಲ್ಲ!

ನಮ್ಮ ದೇಶದ ದಾಸ್ತಾನನ್ನೂ ಒಮ್ಮೆ ನೋಡಿ. ಇನ್ಸಾಸ್ ರೈಫಲಿಗೆ 5.56ರ ತೋಟಾ. 2019ರಲ್ಲಿ ಇದೇ ಸಿಗ್ ಕಂಪನಿಯಿಂದ ಕೊಂಡ 72,400 ರೈಫಲುಗಳಿಗೆ 7.62ರ ಉದ್ದ ತೋಟಾ. 2024ರಲ್ಲಿ ಮತ್ತೆ 73,000ಕ್ಕೆ ಆರ್ಡರು ಹೋಯಿತು. ಅಮೇಠಿಯ ಕೋರ್ವಾದಲ್ಲಿ ರಷ್ಯದ ಸಹಕಾರದಿಂದ ಆರು ಲಕ್ಷಕ್ಕೂ ಮಿಕ್ಕಿ ತಯಾರಾಗಬೇಕಾದ ಎ.ಕೆ.-203ಕ್ಕೆ 7.62ರದೇ ಗಿಡ್ಡ ತೋಟಾ. ಉದ್ದದ್ದು ಗಿಡ್ಡದ್ದರಲ್ಲಿ ಹೊಗದು, ಗಿಡ್ಡದ್ದು ಉದ್ದದ್ದರಲ್ಲಿ ನಡೆಯದು. ಇನ್ಸಾಸ್ ಪೂರ್ತಿ ಮರೆಯಾಗುವವರೆಗೆ ಹಿಮದ ಠಾಣೆಗೆ ಹೇಸರಗತ್ತೆಯ ಬೆನ್ನ ಮೇಲೆ ಹೋಗುವ ಪೆಟ್ಟಿಗೆಗಳಲ್ಲಿ ಯಾವುದು ಯಾರಿಗೆ ಎಂದು ಬೇರ್ಪಡಿಸುವ ಕೆಲಸ ಉಗ್ರಾಣದ ಹವಾಲ್ದಾರನದು.