ಕಾಲು ನೋಯುತ್ತಿರುವಾಗ ಓಡುವುದು ಹೇಗೆ?
(ಸಂಸ್ಥೆಯ ವಾರ್ಷಿಕ ಕ್ರೀಡಾಕೂಟದಲ್ಲಿ ಮಾಡಿದ ಭಾಷಣದ ಬರಹರೂಪ)

 

ಮಕ್ಕಳಿಗೆ ಸ್ಫೂರ್ತಿ ತುಂಬುವ ನಾಲ್ಕು ಮಾತು ಹೇಳಬೇಕೆಂದು ನನ್ನನ್ನು ಕರೆದಿದ್ದಾರೆ. ನಮ್ಮ ಹುಡುಗರಲ್ಲಿ ಸ್ಫೂರ್ತಿಗೇನೂ ಕೊರತೆಯಿಲ್ಲ. ರೋಣ, ನರಗುಂದ, ಗಜೇಂದ್ರಗಡ, ಈ ಮೂರರಲ್ಲಿ ಯಾವ ಊರಿನ ಹೊರಗಿನ ರಸ್ತೆಗಾದರೂ ಫಜ್ರ್ ನಮಾಜು ಮುಗಿಯುವ ಹೊತ್ತಿಗೆ ಹೋಗಿ ನೋಡಿ. ಕೈಯಲ್ಲಿ ಮೊಬೈಲಿನ ಬೆಳಕು ಹಿಡಿದು ನಾಲ್ಕೈದು ಜನರ ಗುಂಪುಗಳು ಓಡುತ್ತಿರುತ್ತವೆ. ಒಬ್ಬ ಪೊಲೀಸ್ ಪೇದೆಯಾಗಬೇಕೆಂದವನು, ಇನ್ನೊಬ್ಬ ಸೈನ್ಯ ಸೇರಬೇಕೆಂದವನು. ಅವರಿಗೆ ಓಡು ಎಂದು ಯಾರೂ ಹೇಳಬೇಕಾಗಿಲ್ಲ. ಆದರೆ ಕಾಲು ನೋಯಲು ಶುರುವಾದ ದಿನ ಏನು ಮಾಡಬೇಕೆಂದು ಹೇಳುವವರು ಅವರ ಹತ್ತಿರ ಇಲ್ಲ. ನಾನು ಇಂದು ಅದೊಂದನ್ನೇ ಮಾತನಾಡುತ್ತೇನೆ.

ನಾನು ವೈದ್ಯನಲ್ಲ, ಕ್ರೀಡಾ ತರಬೇತುದಾರನೂ ಅಲ್ಲ. ಗಣಿತ ಕಲಿಸುವ ಮಾಸ್ತರ. ಹನ್ನೆರಡು ವರ್ಷಗಳಿಂದ ಬೆಳಗಿನ ಹೊತ್ತು ಓಡುತ್ತೇನೆ. ಮೂರು ವರ್ಷಗಳಿಂದ ನನ್ನ ಬಲಗಾಲಿನ ಹಿಮ್ಮಡಿಯ ಮೇಲಿನ ದಪ್ಪ ನರ ಆಗಾಗ ತಕರಾರು ಮಾಡುತ್ತದೆ. ನಾವು ರೂಢಿಯಲ್ಲಿ ನರ ಎನ್ನುತ್ತೇವೆ. ನಿಜವಾಗಿ ಅದು ಮೀನಖಂಡವನ್ನು ಹಿಮ್ಮಡಿಯ ಎಲುಬಿಗೆ ಕಟ್ಟುವ ಹಗ್ಗ, ವೈದ್ಯರ ಮಾತಿನಲ್ಲಿ ಅಕಿಲಿಸ್ ಟೆಂಡನ್. ಅದನ್ನು ಇಟ್ಟುಕೊಂಡೇ ಓಡುವುದನ್ನು ಕಲಿತಿದ್ದೇನೆ.

ಮೊದಲು ಸ್ವಲ್ಪ ಲೆಕ್ಕ ಮಾಡೋಣ. ಕರ್ನಾಟಕದ ಪೊಲೀಸ್ ಪೇದೆ ನೇಮಕಾತಿಗಳಲ್ಲಿ ಗಂಡುಮಕ್ಕಳು 1600 ಮೀಟರ್ ದೂರವನ್ನು 6 ನಿಮಿಷ 30 ಸೆಕೆಂಡಿನಲ್ಲಿ ಮುಗಿಸಬೇಕೆಂದು, ಹೆಣ್ಣುಮಕ್ಕಳು 400 ಮೀಟರನ್ನು 2 ನಿಮಿಷದಲ್ಲಿ ಮುಗಿಸಬೇಕೆಂದು ಕೇಳಿದ್ದಾರೆ. 2022ರಲ್ಲಿ ಆರಂಭವಾದ ಅಗ್ನಿವೀರ ನೇಮಕಾತಿಯಲ್ಲಿ 1.6 ಕಿಲೋಮೀಟರನ್ನು ಐದೂವರೆ ನಿಮಿಷದೊಳಗೆ ಮುಗಿಸಿದವರಿಗೆ ಪೂರ್ಣ 60 ಅಂಕ. ನೀವು ಅರ್ಜಿ ಹಾಕುವ ವರ್ಷದ ಅಧಿಸೂಚನೆ ಏನು ಹೇಳುತ್ತದೆಂದು ನೋಡಿಕೊಳ್ಳಿ. ಆರೂವರೆ ನಿಮಿಷವೆಂದರೆ 400 ಮೀಟರಿನ ಒಂದೊಂದು ಸುತ್ತಿಗೆ ತೊಂಬತ್ತೇಳೂವರೆ ಸೆಕೆಂಡು. ಇದು ದಿನಾ ಹತ್ತು ಕಿಲೋಮೀಟರ್ ಓಡಿ ಸುಸ್ತಾಗುವವನ ಪರೀಕ್ಷೆಯಲ್ಲ. ನಾಲ್ಕು ಸುತ್ತನ್ನು ಒಂದೇ ಹದದಲ್ಲಿ ಓಡಬಲ್ಲವನ ಪರೀಕ್ಷೆ. ಆದರೆ ಅಧಿಸೂಚನೆ ಬಂದ ಮರುದಿನ ನಮ್ಮ ಹುಡುಗರು ಏನು ಮಾಡುತ್ತಾರೆ? ನಿನ್ನೆಯವರೆಗೆ ಎರಡು ಕಿಲೋಮೀಟರ್ ಓಡಿದವನು ಇಂದಿನಿಂದ ಎಂಟು ಕಿಲೋಮೀಟರ್ ಓಡುತ್ತಾನೆ. ಹೃದಯ, ಶ್ವಾಸಕೋಶಗಳು ಕೆಲವೇ ವಾರಗಳಲ್ಲಿ ಹೊಂದಿಕೊಳ್ಳುತ್ತವೆ. ಎಲುಬು ಮತ್ತು ಟೆಂಡನ್ ಹೊಂದಿಕೊಳ್ಳಲು ತಿಂಗಳುಗಳು ಬೇಕು. ಉಸಿರು "ಇನ್ನೂ ಓಡು" ಅನ್ನುತ್ತಿರುವಾಗಲೇ ಕಾಲು ಸೋತಿರುತ್ತದೆ.

ವಾರಕ್ಕೆ ಶೇಕಡಾ ಹತ್ತಕ್ಕಿಂತ ಹೆಚ್ಚು ದೂರ ಏರಿಸಬಾರದು ಎಂಬ ಸೂತ್ರವನ್ನು ನೀವು ಕೇಳಿರಬಹುದು. 2008ರಲ್ಲಿ ನೆದರ್ಲೆಂಡ್ಸಿನ ಸಂಶೋಧಕರು ಹೊಸದಾಗಿ ಓಡುವವರ ಎರಡು ಗುಂಪು ಮಾಡಿ ಇದನ್ನು ಪರೀಕ್ಷಿಸಿದರು. ಸೂತ್ರ ಪಾಲಿಸಿದ ಗುಂಪಿನಲ್ಲೂ ಪಾಲಿಸದ ಗುಂಪಿನಲ್ಲೂ ಸುಮಾರು ಐವರಲ್ಲಿ ಒಬ್ಬರಿಗೆ ಗಾಯವಾಯಿತು. ಗಣಿತದ ಮಾಸ್ತರನಾಗಿ ಹೇಳುತ್ತೇನೆ, ಒಂದು ಸಂಖ್ಯೆ ಎಲ್ಲರ ಕಾಲನ್ನೂ ಕಾಯುವುದಿಲ್ಲ. ನಿಮ್ಮ ಕಾಲು ಏನು ಹೇಳುತ್ತದೆಂದು ನೀವೇ ಓದಬೇಕು.

ನೋವು ಬಂದಾಗ ನಮ್ಮಲ್ಲಿ ಎರಡೇ ದಾರಿ. ಒಂದು, "ಸರ್, ಗುಳಿಗಿ ತಗೊಂಡ್ ಓಡ್ತೀನ್ರಿ, ಏನೂ ಆಗಂಗಿಲ್ಲ." ಇನ್ನೊಂದು, ತಾಯಿ ಗಾಬರಿಯಾಗಿ ಎರಡು ತಿಂಗಳು ಮಂಚ ಬಿಟ್ಟು ಇಳಿಯಗೊಡುವುದಿಲ್ಲ. ಎರಡೂ ಅಪಾಯದ ದಾರಿಗಳೇ. ಡೈಕ್ಲೋಫೆನಾಕ್, ಐಬುಪ್ರೊಫೇನ್‌ನಂಥ ಗುಳಿಗೆಗಳು ನೋವನ್ನು ಮುಚ್ಚುತ್ತವೆ, ಗಾಯವನ್ನು ಮುಚ್ಚುವುದಿಲ್ಲ. ಮೈಯಲ್ಲಿ ನೀರು ಕಡಿಮೆಯಾಗಿ, ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಅವನ್ನು ನುಂಗಿ ಓಡಿದರೆ ಮೂತ್ರಪಿಂಡಕ್ಕೂ ಪೆಟ್ಟು. ಇನ್ನು ಪೂರ್ತಿ ಮಲಗಿದವನ ಟೆಂಡನ್ ಮತ್ತಷ್ಟು ಸೊರಗುತ್ತದೆ. ನೋವು ಹೋಯಿತೆಂದು ಎರಡು ತಿಂಗಳ ನಂತರ ಎದ್ದು ಓಡಿದರೆ ಮೂರನೆಯ ದಿನವೇ ಮರಳಿ ಬರುತ್ತದೆ.

ಇಲ್ಲಿ ಒಂದು ವಿಡಿಯೋದ ಬಗ್ಗೆ ಹೇಳಲೇಬೇಕು. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನ 400 ಮೀಟರ್ ಸೆಮಿಫೈನಲ್‌ನಲ್ಲಿ ಬ್ರಿಟನ್ನಿನ ಡೆರೆಕ್ ರೆಡ್‌ಮಂಡ್‌ನ ತೊಡೆಯ ಹಿಂಭಾಗದ ಸ್ನಾಯು ಹರಿಯಿತು. ಅವನು ಕುಂಟುತ್ತ ಹೊರಟ, ತಂದೆ ಓಡಿಬಂದು ಹೆಗಲು ಕೊಟ್ಟ. ಶಾಲೆಗಳಲ್ಲಿ ಇದನ್ನು ತೋರಿಸಿ ಚಪ್ಪಾಳೆ ಹೊಡೆಸುತ್ತೇವೆ. ತಂದೆಯ ಪ್ರೀತಿಗೆ ಚಪ್ಪಾಳೆ ಸಲ್ಲಲಿ. ಆದರೆ ಅದೇ ರೆಡ್‌ಮಂಡ್ 1988ರ ಸಿಯೋಲ್‌ನಲ್ಲಿ ಓಟಕ್ಕೆ ಸ್ವಲ್ಪವೇ ಮೊದಲು ಅಕಿಲಿಸ್ ನೋವಿನಿಂದ ಹಿಂದೆ ಸರಿದಿದ್ದ. ನಡುವಿನ ವರ್ಷಗಳಲ್ಲಿ ಹಲವು ಶಸ್ತ್ರಚಿಕಿತ್ಸೆಗಳಾಗಿದ್ದವು. ಬಾರ್ಸಿಲೋನಾದ ನಂತರ ಅವನು ಮತ್ತೆ ಒಲಿಂಪಿಕ್ಸ್‌ನಲ್ಲಿ ಓಡಲಿಲ್ಲ. ಆ ಭಾಗವನ್ನು ನಾವು ಮಕ್ಕಳಿಗೆ ಹೇಳುವುದೇ ಇಲ್ಲ.

ನೋವೆಲ್ಲ ಒಂದೇ ಜಾತಿಯದಲ್ಲ. ನಮ್ಮ ಹುಡುಗರಿಗೆ ಹೆಚ್ಚಾಗಿ ಬರುವುದು ಮೊಣಕಾಲಿನ ಕೆಳಗೆ, ಮುಂಭಾಗದ ಎಲುಬಿನ ಒಳ ಅಂಚಿನಲ್ಲಿ. ಕೈಯಿಂದ ಒತ್ತಿ ನೋಡಿ. ಅಂಗೈ ಉದ್ದದಷ್ಟು ಜಾಗ ನೋಯುತ್ತಿದ್ದರೆ, ಓಡುತ್ತ ಮೈ ಬೆಚ್ಚಗಾದಂತೆ ನೋವು ಸ್ವಲ್ಪ ಇಳಿದರೆ, ಅದು ಸಾಮಾನ್ಯವಾಗಿ ಎಲುಬಿನ ಮೇಲಿನ ಪೊರೆಗೆ ಬಿದ್ದ ಎಳೆತ. ದೂರ ಕಡಿಮೆ ಮಾಡಿದರೆ ಹತೋಟಿಗೆ ಬರುತ್ತದೆ. ಹಾಗಲ್ಲದೆ ಒಂದೇ ಬೆರಳು ಇಡುವಷ್ಟು ಜಾಗದಲ್ಲಿ ಚುಚ್ಚಿದಂತೆ ನೋಯುತ್ತಿದ್ದರೆ, ಓಡಿದಷ್ಟೂ ಹೆಚ್ಚುತ್ತಿದ್ದರೆ, ರಾತ್ರಿ ಮಲಗಿದಾಗಲೂ ಮಿಡಿಯುತ್ತಿದ್ದರೆ, ಒಂಟಿ ಕಾಲಲ್ಲಿ ಜಿಗಿಯಲಾಗದಿದ್ದರೆ, ಎಲುಬಿನಲ್ಲಿ ಕೂದಲೆಳೆಯ ಬಿರುಕು ಬಿಟ್ಟಿರಬಹುದು. ಅಂದು ಓಟ ಬಂದ್. ಗದಗಿನ ಜಿಲ್ಲಾ ಆಸ್ಪತ್ರೆಗೆ ಹೋಗಿ ಎಲುಬಿನ ವೈದ್ಯರಿಗೆ ತೋರಿಸಿ. ಇನ್ನೊಂದು ಮಾತು ನೆನಪಿರಲಿ. ಇಂಥ ಬಿರುಕು ಮೊದಲ ಎರಡು ಮೂರು ವಾರ ಎಕ್ಸ್‌ರೇಯಲ್ಲಿ ಕಾಣದೆಯೂ ಇರಬಹುದು. "ಎಕ್ಸ್‌ರೇ ಸಾಫ್ ಐತ್ರಿ" ಎಂದು ಮರುದಿನವೇ ಓಡಬೇಡಿ.

ತಾಯಂದಿರಿಗೆ ಒಂದು ಮಾತು. ಓಟದ ತಯಾರಿಯಲ್ಲಿರುವ ಮಗಳ ಮುಟ್ಟು ತಿಂಗಳುಗಟ್ಟಲೆ ನಿಂತರೆ ಅದನ್ನು ನಾಚಿಕೆಯೆಂದು ಮುಚ್ಚಿಡಬೇಡಿ, ಕಷ್ಟಪಟ್ಟು ಓಡುತ್ತಿದ್ದಾಳೆ, ಅದಕ್ಕೇ ಹೀಗೆ ಎಂದು ಸಮಾಧಾನವನ್ನೂ ಮಾಡಿಕೊಳ್ಳಬೇಡಿ. ಅವಳು ಓಡುವಷ್ಟು ಉಣ್ಣುತ್ತಿಲ್ಲ ಎಂಬುದರ ಸೂಚನೆ ಅದಾಗಿರಬಹುದು. ಹಾಗಿದ್ದರೆ ಎಲುಬು ಬಿರುಕು ಬಿಡುವ ಸಂಭವ ಹೆಚ್ಚು. ಮೊದಲು ವೈದ್ಯರಿಗೆ ತೋರಿಸಿ. ಮನೆಯಲ್ಲಿ ರೊಟ್ಟಿ, ಬೇಳೆ, ಮೊಟ್ಟೆ, ಹಾಲು ಗಂಡುಮಗನ ತಟ್ಟೆಗೆ ಎಷ್ಟೋ ಅವಳ ತಟ್ಟೆಗೂ ಅಷ್ಟೇ ಬೀಳಲಿ.

ಈಗ ನನ್ನ ಹಿಮ್ಮಡಿಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಇದರಲ್ಲಿ ಒಂದು ಸೊಗಸಾದ ಕಥೆಯಿದೆ. ಸ್ವೀಡನ್ನಿನಲ್ಲಿ ಹೋಕನ್ ಆಲ್‌ಫ್ರೆಡ್ಸನ್ ಎಂಬ ಎಲುಬಿನ ವೈದ್ಯರು, ಅವರೂ ಓಡುವವರೇ. ಅವರಿಗೆ ಅಕಿಲಿಸ್ ನೋವು ಬಂತು. ಶಸ್ತ್ರಚಿಕಿತ್ಸೆ ಮಾಡಿರೆಂದು ಮೇಲಧಿಕಾರಿಯನ್ನು ಕೇಳಿದರೆ ಅವರು ಒಪ್ಪಲಿಲ್ಲ. ಹಾಗಾದರೆ ಟೆಂಡನ್ ಹರಿದೇ ಹೋಗಲಿ, ಆಗಲಾದರೂ ಮಾಡುತ್ತಾರೆ ಎಂದು ಇವರು ಮೆಟ್ಟಿಲ ಮೇಲೆ ನಿಂತು ನೋಯುವ ಕಾಲಿಗೇ ಭಾರ ಹಾಕತೊಡಗಿದರು. ಹರಿಯುವ ಬದಲು ನೋವೇ ಹೋಯಿತು! 1998ರಲ್ಲಿ ಅವರು ಮತ್ತು ಸಹೋದ್ಯೋಗಿಗಳು 15 ಮಂದಿ ಹವ್ಯಾಸಿ ಕ್ರೀಡಾಪಟುಗಳ ಮೇಲೆ ಇದನ್ನು ಪ್ರಯೋಗಿಸಿ ಪ್ರಕಟಿಸಿದರು. ಹನ್ನೆರಡು ವಾರಗಳ ನಂತರ ಹದಿನೈದೂ ಮಂದಿ ಮೊದಲಿನಂತೆ ಓಡುವ ಸ್ಥಿತಿಗೆ ಬಂದಿದ್ದರು.

ಮಾಡುವ ಕ್ರಮ ಸರಳ. ಮೆಟ್ಟಿಲಿನ ಅಂಚಿನಲ್ಲಿ ಪಾದದ ಮುಂಭಾಗವನ್ನು ಮಾತ್ರ ಊರಿ ನಿಲ್ಲಬೇಕು. ಗೋಡೆ ಹಿಡಿದುಕೊಳ್ಳಿ. ಚೆನ್ನಾಗಿರುವ ಕಾಲಿನ ಬಲದಿಂದ ಮೇಲೇಳಿ, ನೋಯುವ ಕಾಲಿನ ಮೇಲೆ ಭಾರ ಬಿಟ್ಟು ಹಿಮ್ಮಡಿಯನ್ನು ನಿಧಾನವಾಗಿ ಮೆಟ್ಟಿಲಿಗಿಂತ ಕೆಳಗೆ ಇಳಿಸಿ. ಹದಿನೈದು ಸಲ, ಮೂರು ಸುತ್ತು. ಮೊಣಕಾಲು ನೇರವಾಗಿಟ್ಟು ಒಮ್ಮೆ, ಸ್ವಲ್ಪ ಮಡಚಿ ಇನ್ನೊಮ್ಮೆ. ಬೆಳಿಗ್ಗೆ, ಸಂಜೆ. ಒಟ್ಟು ದಿನಕ್ಕೆ 180 ಸಲ, ಹನ್ನೆರಡು ವಾರ. ಮೊದಮೊದಲು ನೋಯುತ್ತದೆ, ಅದಕ್ಕೆ ಹೆದರಬೇಕಾಗಿಲ್ಲ. ನೋವಿಲ್ಲದೆ ಆಗತೊಡಗಿದಾಗ ಬೆನ್ನಿಗೆ ಪುಸ್ತಕ ತುಂಬಿದ ಪಾಟೀಚೀಲ ಹಾಕಿಕೊಂಡು ಭಾರ ಹೆಚ್ಚಿಸಿ. ನೋವು ಹಿಮ್ಮಡಿಯ ಎಲುಬಿಗೆ ಅಂಟಿಕೊಂಡಂತೆ ಕೆಳಗೇ ಇದ್ದರೆ ಮಾತ್ರ ಮೆಟ್ಟಿಲು ಬೇಡ, ಸಮನೆಲದ ಮೇಲೆಯೇ ಮಾಡಿ. ದುಡ್ಡು ಖರ್ಚಿಲ್ಲ, ಯಂತ್ರ ಬೇಡ. ಬೇಕಾದದ್ದು ಬೇಸರಪಡದ ಮನಸ್ಸು, ಅದೇ ಕಷ್ಟ.

ಇದನ್ನು ಮಾಡುತ್ತಿರುವಾಗ ಓಡಬಹುದೇ? ಇದಕ್ಕೂ ಸ್ವೀಡನ್ನಿನವರೇ 2007ರಲ್ಲಿ ಉತ್ತರ ಹುಡುಕಿದರು. ಅಕಿಲಿಸ್ ನೋವಿದ್ದ 38 ಮಂದಿಯಲ್ಲಿ ಒಂದು ಗುಂಪಿಗೆ ಆರು ವಾರ ಓಟ, ಜಿಗಿತ ಬೇಡವೆಂದರು. ಇನ್ನೊಂದು ಗುಂಪಿಗೆ ನೋವನ್ನು ಅಳೆದುಕೊಂಡು ಓಡಿ ಎಂದರು. ವ್ಯಾಯಾಮ ಇಬ್ಬರಿಗೂ ಒಂದೇ. ಕೊನೆಗೆ ಎರಡೂ ಗುಂಪುಗಳು ಸಮಾನವಾಗಿ ಸುಧಾರಿಸಿದವು. ಅಳತೆ ಹೀಗೆ. ಸೊನ್ನೆ ಎಂದರೆ ನೋವಿಲ್ಲ, ಹತ್ತು ಎಂದರೆ ತಡೆಯಲಾಗದ್ದು. ಓಡುವಾಗ ಐದನ್ನು ದಾಟಬಾರದು. ಮರುದಿನ ಬೆಳಿಗ್ಗೆಯ ಹೊತ್ತಿಗೆ ಇಳಿದಿರಬೇಕು. ವಾರದಿಂದ ವಾರಕ್ಕೆ ಹೆಚ್ಚುತ್ತ ಹೋಗಬಾರದು. ಇದು ಟೆಂಡನ್ನಿನ ಮಾತು. ಎಲುಬಿನ ಬಿರುಕಿಗೆ ಇದನ್ನು ಹಚ್ಚಬೇಡಿ.

ಫಜ್ರ್‌ಗೆ ಏಳುವವರಿಗೆ ಈ ಪರೀಕ್ಷೆ ಬಹಳ ಸುಲಭ. ಹಾಸಿಗೆಯಿಂದ ಇಳಿದು ವುಜೂ ಮಾಡಲು ನಡೆಯುವ ಮೊದಲ ಹತ್ತು ಹೆಜ್ಜೆಗಳನ್ನು ಗಮನಿಸಿ. ನಿನ್ನೆಯ ಓಟದ ಲೆಕ್ಕವೆಲ್ಲ ಆ ಹತ್ತು ಹೆಜ್ಜೆಗಳಲ್ಲಿ ಇರುತ್ತದೆ. ನಾನು ಒಂದು ನೋಟ್‌ಬುಕ್ಕಿನಲ್ಲಿ ದಿನಾ ಮೂರು ಅಂಕಿ ಬರೆಯುತ್ತೇನೆ: ಓಡಿದ ದೂರ, ಓಡುವಾಗಿನ ನೋವು, ಮರುದಿನದ ಹತ್ತು ಹೆಜ್ಜೆಯ ನೋವು. ಮೂರನೆಯ ಅಂಕಿ ಏರಿದ ದಿನ ಸೈಕಲ್ ತುಳಿಯುತ್ತೇನೆ.

ಎಲ್ಲಿ ಓಡಬೇಕು ಎಂಬುದೂ ಮುಖ್ಯ. ನಮ್ಮದು ಎರೆ ನೆಲ. ಮಳೆಯಲ್ಲಿ ಒಂದೊಂದು ಶೂಗೆ ಸೇರು ಮಣ್ಣು ಹತ್ತುತ್ತದೆ, ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಂಥ ಬಿರುಕು. ಹಾಗಾಗಿ ಎಲ್ಲರೂ ಡಾಂಬರು ರಸ್ತೆಗೆ ಬರುತ್ತಾರೆ. ರಸ್ತೆ ನಡುವೆ ಉಬ್ಬಿ ಅಂಚಿಗೆ ಇಳಿಜಾರಾಗಿರುತ್ತದೆ. ದಿನಾ ಒಂದೇ ಮಗ್ಗುಲಲ್ಲಿ ಓಡಿದರೆ ಒಂದು ಕಾಲು ಸದಾ ತಗ್ಗಿನಲ್ಲಿ ಬೀಳುತ್ತದೆ. ನರಗುಂದದವರಂತೂ ಹುಬ್ಬಳ್ಳಿ–ವಿಜಯಪುರ ಹೆದ್ದಾರಿಯಲ್ಲಿ ಕತ್ತಲಲ್ಲಿ ಓಡಲೇಬೇಡಿ, ಲಾರಿಯ ಮುಂದೆ ಟೆಂಡನ್ನಿನ ಚಿಂತೆ ಯಾವ ಲೆಕ್ಕ? ಗುಡ್ಡ ಹತ್ತುವ ಅಭ್ಯಾಸ ಒಳ್ಳೆಯದೇ. ಆದರೆ ನರಗುಂದದ ಕೋಟೆಗುಡ್ಡವಿರಲಿ, ಗಜೇಂದ್ರಗಡದ ಗುಡ್ಡವಿರಲಿ, ಹತ್ತುವಾಗ ಹಿಮ್ಮಡಿಯ ಟೆಂಡನ್ನಿಗೆ ಭಾರ, ಇಳಿಯುವಾಗ ಮೊಣಕಾಲಿಗೆ ಭಾರ. ನೋವು ಎಲ್ಲಿದೆಯೋ ನೋಡಿ ಹತ್ತಬೇಕೋ ಇಳಿಯಬೇಕೋ ನಿರ್ಧರಿಸಿ.

ಶೂ ಬಗ್ಗೆ ಬಹಳ ಜನ ಕೇಳುತ್ತಾರೆ. ಪುಣೆಯ ಓಟದ ಸ್ಪರ್ಧೆಯೊಂದರಲ್ಲಿ ಬರಿಗಾಲಲ್ಲಿ ಓಡಿದ ರೈತರ ವೇಗ ಕಂಡು ದೊರಾಬ್ಜಿ ಟಾಟಾ ಬೆರಗಾಗಿದ್ದರು. ಅವರ ಪ್ರಯತ್ನದಿಂದ 1920ರ ಆಂಟ್‌ವರ್ಪ್ ಒಲಿಂಪಿಕ್ಸ್‌ಗೆ ಹೋದ ತಂಡದಲ್ಲಿ ನಮ್ಮ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಇದ್ದರು. ಮ್ಯಾರಥಾನ್ ಓಟವನ್ನು 2 ಗಂಟೆ 50 ನಿಮಿಷದಲ್ಲಿ ಮುಗಿಸಿ 19ನೆಯವರಾದರು. ಇದನ್ನು ಕೇಳಿ ನಾಳೆಯೇ ಶೂ ಬಿಸಾಡಬೇಡಿ. ಹುಟ್ಟಿದಾಗಿನಿಂದ ಬರಿಗಾಲಲ್ಲಿ ಹೊಲ ತಿರುಗಿದವರ ಪಾದವೇ ಬೇರೆ. ಶೂ ಹಾಕಿ ರೂಢಿಯಾದವನು ದಿಢೀರನೆ ಬರಿಗಾಲಲ್ಲಿ ಓಡಿದರೆ ಮೀನಖಂಡ ಮತ್ತು ಹಿಮ್ಮಡಿಯ ಟೆಂಡನ್ ಒದ್ದಾಡುತ್ತವೆ. ಸಾವಿರಗಟ್ಟಲೆ ರೂಪಾಯಿಯ ಶೂ ಕೂಡ ಬೇಕಾಗಿಲ್ಲ. ಕಾಲಿಗೆ ಹಿತವಾಗಿ ಕೂರುವುದು ಸಾಕು. ಹೊಸ ಜೋಡಿಯನ್ನು ಭರ್ತಿಯ ದಿನ ಮೊದಲ ಸಲ ಹಾಕಬೇಡಿ, ಅಷ್ಟೆ.

ರಂಜಾನ್ ತಿಂಗಳಲ್ಲಿ ಹೇಗೆ ಎಂದು ಕೇಳುತ್ತೀರಿ. ಇಫ್ತಾರಿಗೆ ಸ್ವಲ್ಪ ಮೊದಲು ಹಗುರವಾಗಿ, ಇಲ್ಲವೇ ತರಾವೀಹ್ ನಂತರ ಓಡಿ. ವೇಗದ ಅಭ್ಯಾಸ ಆ ತಿಂಗಳು ಕಡಿಮೆಯಿರಲಿ. 2012ರ ಲಂಡನ್ ಒಲಿಂಪಿಕ್ಸ್ ರಂಜಾನಿನಲ್ಲೇ ಬಂತು. ಮೊ ಫರಾ ಉಪವಾಸವನ್ನು ನಂತರಕ್ಕೆ ಇಟ್ಟುಕೊಂಡು 5000 ಮತ್ತು 10,000 ಮೀಟರ್ ಎರಡನ್ನೂ ಗೆದ್ದರು. ನಿಮಗೆ ಯಾವುದು ಸರಿ ಎಂಬುದನ್ನು ಆಲಿಮರನ್ನು ಕೇಳಿ, ಅದು ನನ್ನ ವಿಷಯವಲ್ಲ.

ಕೊನೆಗೆ ಕಷ್ಟದ ಪ್ರಶ್ನೆ. ಭರ್ತಿಗೆ ನಾಲ್ಕು ವಾರ ಉಳಿದಿದೆ, ಕಾಲು ನೋಯುತ್ತಿದೆ, ವಯೋಮಿತಿಯ ಪ್ರಕಾರ ಇದೇ ಕೊನೆಯ ಅವಕಾಶ. ಮನೆಯಲ್ಲಿ ಅಬ್ಬಾ ಹಮಾಲಿ ಮಾಡುತ್ತಾರೆ, ತಂಗಿಯ ಮದುವೆ ಬಾಕಿಯಿದೆ. ಇಂಥವನಿಗೆ "ಆರೋಗ್ಯವೇ ಭಾಗ್ಯ" ಎಂದು ಹೇಳಿ ಕಳಿಸುವುದು ನನಗಾಗದು. ನೋವು ಟೆಂಡನ್ನಿನದಾದರೆ ಓಡಬಹುದು. ದಿನದ ಓಟ ನಿಲ್ಲಿಸಿ. ವಾರಕ್ಕೆ ಎರಡು ಸಲ ಮಾತ್ರ 400 ಮೀಟರಿನ ನಾಲ್ಕು ಸುತ್ತು, ನಡುವೆ ಸಾಕಷ್ಟು ವಿಶ್ರಾಂತಿ ಕೊಟ್ಟು, ಬೇಕಾದ ವೇಗದಲ್ಲಿ ಓಡಿ. ಉಳಿದ ದಿನ ಸೈಕಲ್ ತುಳಿಯಿರಿ, ಮೆಟ್ಟಿಲಿನ ವ್ಯಾಯಾಮ ಬಿಡಬೇಡಿ. ಕೊನೆಯ ವಾರ ಬಹುಪಾಲು ವಿಶ್ರಾಂತಿ. ಎಲುಬಿನ ಬಿರುಕಾದರೆ, ಕೊನೆಯ ಅವಕಾಶವಾದರೂ ಓಡಬೇಡಿ ಎಂದೇ ಹೇಳುತ್ತೇನೆ. ಬಿರುಕು ಪೂರ್ತಿ ಮುರಿತವಾದರೆ ಹೋಗುವುದು ಒಂದು ನೌಕರಿಯಷ್ಟೇ ಅಲ್ಲ, ಮುಂದೆ ದುಡಿಯಬೇಕಾದ ಕಾಲು.

ನನ್ನದು ನೌಕರಿಯ ಓಟವಲ್ಲ, ಹವ್ಯಾಸ. ಬೆಂಗಳೂರಿನಲ್ಲಿ 2008ರಿಂದ ನಡೆಯುತ್ತಿರುವ ಹತ್ತು ಕಿಲೋಮೀಟರ್ ಓಟಕ್ಕೆ ಇದೇ ಹಿಮ್ಮಡಿ ಇಟ್ಟುಕೊಂಡು ಹೋದೆ. ಹೊರಡುವ ಮೊದಲೇ ನೋಟ್‌ಬುಕ್ಕಿನಲ್ಲಿ ಬರೆದಿದ್ದೆ: ಮೂರರವರೆಗೆ ಓಟ, ನಾಲ್ಕಾದರೆ ನಿಧಾನ, ಆರಾದರೆ ರಸ್ತೆಯ ಬದಿಗೆ. ಏಳನೆಯ ಕಿಲೋಮೀಟರಿನಲ್ಲಿ ನಾಲ್ಕು ಬಂತು. ನನಗಿಂತ ಹಿರಿಯರೊಬ್ಬರು, ಬಿಳಿ ಗಡ್ಡದವರು, ದಾಟಿ ಹೋದರು. ಹೋಗಲಿ ಎಂದು ಬಿಟ್ಟೆ, ಬಿಡುವುದು ಸುಲಭವಾಗಿರಲಿಲ್ಲ. 61 ನಿಮಿಷದಲ್ಲಿ ಮುಗಿಸಿದೆ. ಮರುದಿನ ಊರಿಗೆ ಬಂದು ಹಾಸಿಗೆಯಿಂದ ಇಳಿದಾಗ ಹತ್ತು ಹೆಜ್ಜೆಯ ಅಂಕಿ ಎರಡು. ಆ ಸಂಜೆಯೇ ಮೆಟ್ಟಿಲಿಗೆ ಹೋದೆ.

ಈಗ ಬಹುಮಾನ ವಿತರಣೆಯಿದೆ. ಅದು ಮುಗಿದ ಮೇಲೆ, ಕಾಲು ನೋಯುತ್ತಿರುವವರು ವೇದಿಕೆಯ ಹಿಂದಿನ ಮೆಟ್ಟಿಲ ಹತ್ತಿರ ಬನ್ನಿ. ಹಿಮ್ಮಡಿ ಇಳಿಸುವುದನ್ನು ಮಾಡಿ ತೋರಿಸುತ್ತೇನೆ. ಬರುವಾಗ ಒಂದು ನೋಟ್‌ಬುಕ್ ತನ್ನಿ.