ಉಲ್ಲೇಖವೆಂದರೆ ಹೊಗಳಿಕೆಯಲ್ಲ
(ಶತಮಾನೋತ್ಸವದ ವಿಚಾರಗೋಷ್ಠಿಯಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಉಪನ್ಯಾಸ)



ಎಡನೀರಿನವರಿಗೆ ‘ಉಲ್ಲೇಖ’ ಎಂಬ ಮಾತಿನ ಮಹತ್ತ್ವವನ್ನು ಹೊರಗಿನವರು ಬಂದು ಹೇಳಿಕೊಡಬೇಕಾಗಿಲ್ಲ. 1973ರ ಎಪ್ರಿಲ್ 24ರಂದು ಸರ್ವೋಚ್ಚ ನ್ಯಾಯಾಲಯದ 13 ನ್ಯಾಯಮೂರ್ತಿಗಳ ಪೀಠವು ಕೇಶವಾನಂದ ಭಾರತೀ ಪ್ರಕರಣದಲ್ಲಿ ನೀಡಿದ ತೀರ್ಪನ್ನು ದೇಶದ ನ್ಯಾಯಾಲಯಗಳು ಇಂದಿಗೂ ಉಲ್ಲೇಖಿಸುತ್ತಿವೆ. ನಮ್ಮ ಮಠದ ಶ್ರೀಗಳು ನ್ಯಾಯಾಲಯದ ಮೆಟ್ಟಿಲೇರಿದ್ದು ಮಠದ ಭೂಮಿಯ ವಿಷಯವಾಗಿ. ತೀರ್ಪು ಉಳಿದುಕೊಂಡದ್ದು ಸಂವಿಧಾನದ ಮೂಲಸ್ವರೂಪವನ್ನು ಸಂಸತ್ತೂ ಕೆಡಿಸುವಂತಿಲ್ಲ ಎಂಬ ತತ್ತ್ವದಿಂದಾಗಿ. ಒಂದು ಬರಹವು ಮುಂದಿನವರಿಗೆ ಯಾವುದಕ್ಕಾಗಿ ಬೇಕಾಗುವುದೆಂಬುದು ಬರೆಯುವ ಹೊತ್ತಿಗೆ ಯಾರಿಗೂ ತಿಳಿದಿರುವುದಿಲ್ಲ.

ವಿಜ್ಞಾನದಲ್ಲೂ ಹೀಗೆಯೇ. ಒಬ್ಬ ಸಂಶೋಧಕನ ಪ್ರಬಂಧವನ್ನು ಆಮೇಲಿನವರು ಎಷ್ಟು ಬಾರಿ ಹೆಸರಿಸಿದರು ಎಂದು ಎಣಿಸುವ ಪದ್ಧತಿಯಿದೆ. 2005ರಲ್ಲಿ ಹಿರ್ಷ್ ಎಂಬ ಭೌತವಿಜ್ಞಾನಿ ಇದಕ್ಕೊಂದು ಸೂಚ್ಯಂಕವನ್ನೇ ರೂಪಿಸಿದರು: ಒಬ್ಬರ 20 ಪ್ರಬಂಧಗಳು ತಲಾ 20 ಬಾರಿಯಾದರೂ ಉಲ್ಲೇಖಗೊಂಡಿದ್ದರೆ ಅವರ ಅಂಕ 20. ಉದ್ಯೋಗ, ಬಡ್ತಿ, ಅನುದಾನಗಳನ್ನು ನಿರ್ಧರಿಸುವಾಗಲೂ ಈ ಅಂಕವನ್ನು ನೋಡುವುದುಂಟು. ಆದರೆ ಉಲ್ಲೇಖಿಸಿದವರು ಒಪ್ಪಿದರೋ ತಿದ್ದಿದರೋ ಎಂಬುದನ್ನು ಅಂಕವು ಹೇಳುವುದಿಲ್ಲ.

ಒಂದು ಉದಾಹರಣೆಯನ್ನು ನಿಮ್ಮ ಮುಂದಿಡುತ್ತೇನೆ. ಬೆಂಗಳೂರಿನ ಕಿದ್ವಾಯಿ ಗ್ರಂಥಿ ಸಂಸ್ಥೆಯಲ್ಲಿದ್ದ ಡಾ. ಎ. ನಂದಕುಮಾರ್ ಮತ್ತು ಸಹೋದ್ಯೋಗಿಗಳು 1990ರಲ್ಲಿ ಬ್ರಿಟನ್ನಿನ ಕ್ಯಾನ್ಸರ್ ನಿಯತಕಾಲಿಕವೊಂದರಲ್ಲಿ ಪ್ರಬಂಧವನ್ನು ಪ್ರಕಟಿಸಿದರು. ಬೆಂಗಳೂರಿನ ಕ್ಯಾನ್ಸರ್ ನೋಂದಣಿಯಲ್ಲಿದ್ದ ಬಾಯಿಯ ಕ್ಯಾನ್ಸರಿನ 348 ರೋಗಿಗಳನ್ನು ರೋಗವಿಲ್ಲದ ಸಮವಯಸ್ಕರೊಂದಿಗೆ ಹೋಲಿಸಿದ ಅಧ್ಯಯನವದು. ಹೊಗೆಸೊಪ್ಪು ಸೇರಿಸಿ ಎಲೆಯಡಿಕೆ ಜಗಿಯುವ ಹೆಂಗಸರಲ್ಲಿ ರೋಗದ ಅಪಾಯವು ಜಗಿಯದವರಿಗಿಂತ ಸುಮಾರು 25 ಪಟ್ಟು ಹೆಚ್ಚೆಂದು ಕಂಡುಬಂತು. ಅದನ್ನು ದವಡೆಯಲ್ಲಿಟ್ಟುಕೊಂಡೇ ನಿದ್ರಿಸುವವರಲ್ಲೂ ಅಪಾಯವು ಬಹಳ ಹೆಚ್ಚಾಗಿತ್ತು. ರಾಗಿ ಉಣ್ಣುವವರಲ್ಲಿ ರೋಗದ ಅಪಾಯ ಹೆಚ್ಚೆಂಬ ಹೊಸ ಸುಳಿವೂ ಅದರಲ್ಲಿತ್ತು. ಹೊಗೆಸೊಪ್ಪಿಲ್ಲದ ಎಲೆಯಡಿಕೆಯಿಂದ ಗಮನಾರ್ಹ ಅಪಾಯವು ಆ ಅಧ್ಯಯನದಲ್ಲಿ ಕಾಣಲಿಲ್ಲ.

ಈ ಕೊನೆಯ ಮಾತನ್ನು ಕೇಳಿ ನಮ್ಮೂರಿನವರು ನಿಟ್ಟುಸಿರು ಬಿಡಬಹುದು. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾಗಿ ಫ್ರಾನ್ಸಿನ ಲಿಯೋನ್ ನಗರದಲ್ಲಿರುವ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಎಲೆಯಡಿಕೆಯನ್ನು ಕುರಿತ ತನ್ನ 85ನೆಯ ಸಂಪುಟವನ್ನು ಹೊರತಂದಿತು. ಬೆಂಗಳೂರಿನ ಅಧ್ಯಯನವು ಅದರಲ್ಲಿ ಉಲ್ಲೇಖಗೊಂಡಿದೆ. ಅನೇಕ ದೇಶಗಳ ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ ತಜ್ಞರು ಹೊಗೆಸೊಪ್ಪಿಲ್ಲದ ಎಲೆಯಡಿಕೆಯೂ, ಅಡಿಕೆ ತಾನೂ ಕ್ಯಾನ್ಸರ್‌ಕಾರಕವೆಂದು ನಿರ್ಣಯಿಸಿದರು. ಒಂದು ಅಧ್ಯಯನವು ಕಾಣದ್ದನ್ನು ಹಲವು ಅಧ್ಯಯನಗಳು ಸೇರಿ ಕಂಡವು. ಇದರಿಂದ ಬೆಂಗಳೂರಿನವರ ಶ್ರಮಕ್ಕೆ ಕುಂದೇನೂ ಬರಲಿಲ್ಲ. ಕಂಡದ್ದನ್ನು ಕಂಡಂತೆಯೂ ಕಾಣದ್ದನ್ನು ಕಾಣಲಿಲ್ಲವೆಂದೂ ಬರೆದಿಟ್ಟದ್ದರಿಂದಲೇ ಮುಂದಿನವರಿಗೆ ತೂಗಿ ನೋಡಲು ಸಾಧ್ಯವಾಯಿತು.

ಅಡಿಕೆ ತೋಟಗಳ ನಡುವೆ ನಿಂತು ಇದನ್ನು ಹೇಳುವುದು ಸುಲಭವಲ್ಲ. ಇಲ್ಲಿ ಕುಳಿತಿರುವ ಅನೇಕರ ಶಾಲಾ ಶುಲ್ಕ, ಮದುವೆ, ಮನೆ ಎಲ್ಲವೂ ಅಡಿಕೆಯಿಂದಲೇ ಆದುವು. ಅತಿಥಿಗೆ ಎಲೆಯಡಿಕೆಯ ಹರಿವಾಣ ನೀಡದಿದ್ದರೆ ಸತ್ಕಾರ ಪೂರ್ಣವಾಗದು. ಕೃಷಿಕರ ಬೆವರನ್ನು ಹಗುರಾಗಿ ಕಾಣುವ ಉದ್ದೇಶ ನನಗಿಲ್ಲ. ಆದರೆ ಮಕ್ಕಳಿಗೆ ಸತ್ಯವನ್ನೇ ಹೇಳಬೇಕೆಂದು ಕಲಿಸುವ ಶಾಲೆಯು ತನಗೆ ಕಹಿಯಾದ ಸತ್ಯದ ಮುಂದೆ ಮೌನ ತಾಳಬಾರದು.

ಸಮಾಧಾನದ ಸಂಗತಿಯೂ ಇದೆ. ನಮ್ಮ ರಾಜ್ಯದ ರಾಜಧಾನಿ ತಿರುವನಂತಪುರದಲ್ಲಿ ಡಾ. ಶಂಕರನಾರಾಯಣನ್ ಮತ್ತು ಸಹೋದ್ಯೋಗಿಗಳು ನಡೆಸಿದ ಅಧ್ಯಯನವು 2005ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಬರಿಗಣ್ಣಿನಿಂದ ಬಾಯಿಯನ್ನು ಪರೀಕ್ಷಿಸಿದ್ದರಿಂದ, ಹೊಗೆಸೊಪ್ಪು ಅಥವಾ ಮದ್ಯದ ಅಭ್ಯಾಸವಿದ್ದವರಲ್ಲಿ ಬಾಯಿಯ ಕ್ಯಾನ್ಸರಿನ ಸಾವು ಸುಮಾರು ಮೂರರಲ್ಲೊಂದು ಪಾಲು ತಗ್ಗಿತು. ಬೇಕಾದುದು ಬೆಳಕು ಮತ್ತು ಬಲ್ಲ ಕಣ್ಣು. ಮನೆಯಲ್ಲಿ ಜಗಿಯುವ ಅಜ್ಜ, ಅಜ್ಜಿಯರಿದ್ದರೆ ಅವರ ಬಾಯಿಯಲ್ಲಿ ಬಿಳಿಯ ಅಥವಾ ಕೆಂಪು ಮಚ್ಚೆಯಿದೆಯೇ, ಎರಡು ವಾರ ಕಳೆದರೂ ಮಾಯದ ಹುಣ್ಣಿದೆಯೇ ಎಂದು ನೋಡಿರಿ. ಇದ್ದರೆ ತಡಮಾಡದೆ ವೈದ್ಯರಿಗೆ ತೋರಿಸಿರಿ.

ಈ ಪ್ರಬಂಧಗಳೆಲ್ಲ ಇಂಗ್ಲಿಷಿನಲ್ಲಿವೆ. ಅವು ಯಾರ ಬಾಯಿಯ ವಿಷಯವನ್ನು ಹೇಳುತ್ತವೆಯೋ ಅವರಲ್ಲಿ ಹಲವರು ಅವುಗಳನ್ನು ಓದಲಾರರು. ಆದುದರಿಂದ ವೈದ್ಯರೂ ಸಂಶೋಧಕರೂ ಆಗಿರುವ ನಮ್ಮ ಹಿರಿಯ ವಿದ್ಯಾರ್ಥಿಗಳಲ್ಲಿ ಒಂದು ಬೇಡಿಕೆ. ನಿಮ್ಮ ಪ್ರತಿಯೊಂದು ಪ್ರಬಂಧದ ಸಾರವನ್ನು ಕನ್ನಡದಲ್ಲಿ ಒಂದು ಪುಟ ಬರೆದು ಈ ಶಾಲೆಯ ಗ್ರಂಥಾಲಯಕ್ಕೆ ಕಳುಹಿಸಿಕೊಡಿ. ಅದರಿಂದ ನಿಮ್ಮ ಸೂಚ್ಯಂಕ ಏರಲಾರದು. ಆದರೆ ಏಳನೆಯ ತರಗತಿಯ ಹುಡುಗಿಯೊಬ್ಬಳು ಅದನ್ನು ಸಂಜೆ ತನ್ನ ಅಜ್ಜಿಗೆ ಓದಿ ಹೇಳುವಳು.